ಜೇನುಬರೆಯ ಹೆಪ್ಪುಹಿಮ

ಕೆಳಗಿನ ಊರುಗಳಲ್ಲಿ ರಸ್ತೆಯ ಡಾಂಬರು ಮೆತ್ತಗಾಗಿ ಚಪ್ಪಲಿಗೆ ಅಂಟಿಕೊಳ್ಳುವ ಮಾರ್ಚ್ ತಿಂಗಳ ಮಧ್ಯಾಹ್ನ, ಜೇನುಬರೆ ಬೆಟ್ಟದ ನೆತ್ತಿಯ ಮೇಲೆ ಹಿಮ ಬೀಳುತ್ತಿತ್ತು. ಅದು ಬೀಳುತ್ತಿದ್ದದ್ದು ಆಕಾಶದಿಂದಲ್ಲ, ಇಳಿಜಾರಿನ ಎರಡು ಮಗ್ಗುಲಿಗೂ ಸಾಲಾಗಿ ನಿಲ್ಲಿಸಿದ್ದ ತೋಪುಗಳ ಬಾಯಿಂದ. ತೋಪುಗಳು ನೀರನ್ನು ಇಬ್ಬನಿಯಷ್ಟು ಸಣ್ಣಗೆ ಉಗುಳುತ್ತಿದ್ದವು. ಆ ಹನಿ ನೆಲದ ಮೇಲಿನ ಹಳೆಯ ಹಿಮವನ್ನು ತಾಗಿದ್ದೇ ತಡ, ಅಲ್ಲೇ ಗಟ್ಟಿಯಾಗಿ ಬೆಳ್ಳಗೆ ಕೂತುಬಿಡುತ್ತಿತ್ತು. ನೆತ್ತಿ ಸುಡುವ ಬಿಸಿಲಿಗೂ ಅದು ಜಪ್ಪಯ್ಯ ಅನ್ನುತ್ತಿರಲಿಲ್ಲ. ಬಣ್ಣಬಣ್ಣದ ಅಂಗಿಯ ಜನ ಕಾಲಿಗೆ ಉದ್ದನೆಯ ಹಲಗೆ ಕಟ್ಟಿಕೊಂಡು, ಕೇಕೆ ಹಾಕುತ್ತಾ, ಬೆವರು ಒರೆಸಿಕೊಳ್ಳುತ್ತಾ ಜಾರುತ್ತಿದ್ದರು.

ಆ ಹಿಮವನ್ನು ಹದ ಮಾಡುವುದು ಕೇತಮ್ಮನ ಕೆಲಸ. ಹೊಲ ಹರಗುವ ಕುಂಟೆಯ ಹಾಗೆ ಮುಂದುಗಡೆ ಅಗಲವಾದ ಅಲಗಿದ್ದ ದೊಡ್ಡ ಗಾಡಿಯನ್ನು ಅವಳು ಓಡಿಸುತ್ತಿದ್ದಳು. ಕಂಪನಿಯವರು ಅದಕ್ಕೆ ಏನೋ ಇಂಗ್ಲಿಷ್ ಹೆಸರು ಇಟ್ಟಿದ್ದರು; ಬೆಟ್ಟದವರ ಬಾಯಲ್ಲಿ ಅದು ಕುಂಟೆಗಾಡಿ. ಹಲಗೆಗಳು ಕೆತ್ತಿ ಹಾಕಿದ ಹಿಮವನ್ನು ಎಳೆದು, ಒತ್ತಿ, ಸಮ ಮಾಡಿ ಮುಂದೆ ಹೋಗುತ್ತಿದ್ದವಳು ಇದ್ದಕ್ಕಿದ್ದಂತೆ ಬ್ರೇಕು ಹಾಕಿದಳು. ಅಲಗಿನ ಮುಂದೆ, ಬಿಳುಪಿನ ಮೇಲೆ, ಒಂದು ಕರಿಯ ಚುಕ್ಕೆ ಇತ್ತು.

ಮಸಿ ಕಂಡರೆ ಅದನ್ನು ಸುತ್ತಲಿನ ಹಿಮದ ಸಮೇತ ಮೊಗೆದು ಆಚೆ ಎಸೆಯಬೇಕು, ಆಮೇಲೆ ಕಂಟ್ರೋಲ್ ರೂಮಿಗೆ ತಿಳಿಸಬೇಕು ಎಂಬುದು ಅಲ್ಲಿನ ನಿಯಮ. ಕೇತಮ್ಮ ಇಳಿದು ಬೊಗಸೆಯಲ್ಲಿ ಮೊಗೆದಳು. ಮೊಗೆದದ್ದನ್ನು ಎಸೆಯದೆ ನೋಡುತ್ತಾ ನಿಂತಳು. ಅದು ಒಂದು ಇಡೀ ಎಲೆಯ ಬೂದಿ. ನರನರವೂ ಕಾಣುವಷ್ಟು ಇಡಿಯಾಗಿತ್ತು. ಒಲೆಯ ಬೂದಿ ಹೀಗಿರುವುದಿಲ್ಲ. ಅವಳು ತಲೆಯೆತ್ತುವಷ್ಟರಲ್ಲಿ ಇನ್ನೊಂದು ಬಂದು ಭುಜದ ಮೇಲೆ ಕೂತಿತು, ಮತ್ತೊಂದು ಗಾಡಿಯ ಗಾಜಿನ ಮೇಲೆ.

ಒಂದು ಎಲೆಬೂದಿಗೆ ಇಷ್ಟು ಗಾಬರಿ ಯಾಕೆ ಅನ್ನುವವರಿಗೆ ಈ ಹಿಮದ ಹುಟ್ಟನ್ನು ಹೇಳಬೇಕು. ಅದನ್ನು ಕಂಡುಹಿಡಿದವರು ಧಾರವಾಡ ಸೀಮೆಯ ಡಾಕ್ಟರ್ ಗುರುಪಾದ ಹಂಚಿನಾಳ. ಚಳಿಗಾಲದ ಬೆಳಗ್ಗೆ ಎಲೆಗಳ ಮೇಲಿನ ಇಬ್ಬನಿ ಬೇಗ ಮಂಜುಗಡ್ಡೆಯಾಗುವುದಕ್ಕೆ ಕಣ್ಣಿಗೆ ಕಾಣದ ಒಂದು ಜಾತಿಯ ಬ್ಯಾಕ್ಟೀರಿಯಾ ಕಾರಣ. ಅದರ ಮೈಮೇಲಿನ ಪ್ರೋಟೀನು ನೀರಿನ ಕಣಗಳನ್ನು ಹಿಡಿದು ಸಾಲಾಗಿ ನಿಲ್ಲಿಸುತ್ತದೆ. ಹಂಚಿನಾಳರು ಆ ಪ್ರೋಟೀನನ್ನೇ ತಿದ್ದಿ ತೀಡಿ, ಬೇಸಿಗೆಯ ಬಿಸಿಲಿನಲ್ಲೂ ನೀರಿನ ಕೈಬಿಡದಂತೆ ಮಾಡಿದರು. ಅದರ ಒಂದು ಗುಣ ವಿಚಿತ್ರವಾಗಿತ್ತು. ಹೊಸ ನೀರು ತಾನಾಗಿ ಹಿಮವಾಗುತ್ತಿರಲಿಲ್ಲ. ಹಾಲಿಗೆ ಹೆಪ್ಪು ಹಾಕಿದ ಹಾಗೆ ಹಳೆಯ ಹಿಮ ತಾಗಬೇಕಾಗಿತ್ತು. ಹಾಗಾಗಿ ಅಡಿಯಲ್ಲಿದ್ದ ಮೊದಲ ಪದರಕ್ಕೆ ತಾಯಿಹಿಮ ಎಂದು ಹೆಸರಾಯಿತು. ಇಡೀ ಇಳಿಜಾರಿನಷ್ಟು ದೊಡ್ಡದಾಗಿದ್ದರೆ ಮಾತ್ರ ಅದು ತನ್ನ ತಂಪನ್ನು ತಾನು ಕಾಯ್ದುಕೊಳ್ಳುತ್ತಿತ್ತು. ಸ್ವಲ್ಪ ಎತ್ತಿ ಬೇರೆ ಇಟ್ಟರೆ ಒಡೆದು ನೀರಾಗುತ್ತಿತ್ತು. ಆ ಪದರ ಕೂಡಿಬರಲು ಹಂಚಿನಾಳರ ಅರ್ಧ ಆಯುಸ್ಸು ಹಿಡಿದಿತ್ತು.

ಆ ಹೊತ್ತಿಗೆ ಯುರೋಪಿನ ಆಲ್ಪ್ಸ್ ಬೆಟ್ಟಗಳೂ ನಮ್ಮ ಹಿಮಾಲಯದ ಇಳಿಜಾರುಗಳೂ ಚಳಿಗಾಲದಲ್ಲೇ ಬೋಳಾಗಿ ಕಂದುಬಣ್ಣಕ್ಕೆ ತಿರುಗಿದ್ದವು. ಹಲಗೆ ಕಟ್ಟಿಕೊಂಡು ಜಾರುವ ಜನಕ್ಕೆ ಜಾಗವಿರಲಿಲ್ಲ. ಕಂಪನಿಯೊಂದು ಹಂಚಿನಾಳರನ್ನು ಕರೆತಂದು ಚಾಮರಾಜನಗರದ ಕಡೆಯ ಈ ಬೆಟ್ಟದ ಮೇಲೆ ಹೆಪ್ಪುಹಿಮ ಕಟ್ಟಿಸಿತು. ಹೋಟೆಲು, ರೋಪ್‌ವೇ, ಅಂಗಡಿಸಾಲು ಎಲ್ಲ ಎದ್ದವು. ಹಿಮಕ್ಕೆ ಇದ್ದದ್ದು ಒಂದೇ ಶತ್ರು, ಮಸಿ. ಕರಿಯ ಕಣ ಬಿಸಿಲನ್ನು ಹೀರಿ ಕಾಯುತ್ತದೆ. ಕಾದ ಜಾಗದಲ್ಲಿ ಪ್ರೋಟೀನು ಬೆಂದ ಮೊಟ್ಟೆಯ ಹಾಗೆ ಕೆಡುತ್ತದೆ. ಹುಳಿ ಬಿದ್ದ ಹಾಲಿನ ಹಾಗೆ ಹಿಮ ಅಲ್ಲಿಂದ ಸುತ್ತಲೂ ಒಡೆಯುತ್ತಾ ಹೋಗುತ್ತದೆ. ಆದ್ದರಿಂದ ಜೇನುಬರೆಯ ಮೇಲೆ, ಸುತ್ತಲಿನ ಕಾಡಿನಲ್ಲಿ, ಯಾರೂ ಹೊಗೆ ಎಬ್ಬಿಸುವಂತಿರಲಿಲ್ಲ.

"ಎಷ್ಟು ಚುಕ್ಕೆ, ಕೇತಮ್ಮ?" ರೇಡಿಯೋದಲ್ಲಿ ಮ್ಯಾನೇಜರ್ ಶ್ರೇಯಾಂಕ ಕೇಳಿದ.

"ಎಣಿಸಕಾಯ್ತಿಲ್ಲ ಸಾ. ಬೀಳ್ತನೇ ಅವ."

"ನಿಮ್ಮ ಪೋಡಿನವರೇ ಯಾರೋ ಹೊರಗಡೆ ಒಲೆ ಹಚ್ಚಿರಬೇಕು. ನಿಮ್ಮ ತಾಯಿಯವರಿಗೆ ಸ್ವಲ್ಪ ಹೇಳಬಾರದಾ? ನಾಡಿದ್ದು ಜಾರಾಟದ ಫೈನಲ್ಸ್. ಟೀವಿಯವರೆಲ್ಲ ಬಂದು ಕೂತಿದ್ದಾರೆ."

"ಇದು ಒಲೆ ಬೂದಿ ಅಲ್ಲ ಸಾ. ಕಾಡಿಂದು."

"ಯಾವುದಾದರೂ ಕಪ್ಪು ಕಪ್ಪೇ ಅಲ್ವಾ? ಹೋಗಿ ನೋಡಿ ಬನ್ನಿ. ಮೊದಲು ನಿಮ್ಮ ತಾಯಿ ಮನೆ ನೋಡಿ."

ಕೇತಮ್ಮನ ಕಿವಿ ಬಿಸಿಯಾಯಿತು. ಬೆಟ್ಟದಲ್ಲಿ ಮಸಿ ಕಂಡರೆ ಪೋಡು, ಸಾಮಾನು ಕಾಣದಿದ್ದರೆ ಪೋಡು, ರೋಪ್‌ವೇ ನಿಂತರೂ ಪೋಡು. ಪೋಡು ಎಂದರೆ ಸೋಲಿಗರ ಹಾಡಿ. ಇಳಿಜಾರಿನ ಬುಡದಲ್ಲಿ, ಒಂದು ಒಣಹಳ್ಳದ ಆಚೆ ದಡದಲ್ಲಿ ಇತ್ತು. ಹಳ್ಳದ ಈಚೆಗೆ ಹಿಮ, ಆಚೆಗೆ ಮನೆಗಳು, ಮನೆಗಳ ಬೆನ್ನಿಗೆ ಪಡುವಣ ಕಣಿವೆಯವರೆಗೂ ಕಾಡು. ಕಾಡು ಹಳ್ಳದೊಳಕ್ಕೂ ಇಳಿದು ಮನೆಗಳ ಮುಂದೆಯೂ ಸುತ್ತುಗಟ್ಟಿಕೊಂಡಿತ್ತು. ಕೇತಮ್ಮ ಹುಟ್ಟಿದ್ದು ಅಲ್ಲಿ. ಅವಳ ಅವ್ವ ರಂಗವ್ವ ಈಗಲೂ ಅಲ್ಲೇ ಇದ್ದಳು.

ಆದರೆ ಆ ಮಾತು ಅವಳನ್ನು ಚುಚ್ಚಿದ್ದಕ್ಕೆ ಬೇರೆ ಕಾರಣವೂ ಇತ್ತು.

ಕಂಪನಿ ಬರುವ ಮೊದಲು ಪೋಡಿನವರು ವರ್ಷವರ್ಷವೂ ತರಗು ಬೆಂಕಿ ಇಡುತ್ತಿದ್ದರು. ತರಗು ಎಂದರೆ ಉದುರಿದ ಒಣಎಲೆ. ಸಂಕ್ರಾಂತಿಯ ಆಸುಪಾಸಿನಲ್ಲಿ, ನೆಲದಲ್ಲಿ ಇನ್ನೂ ಇಬ್ಬನಿಯ ತೇವ ಇರುವಾಗಲೇ, ಕಾಡಿಗೆ ಕೈಮುಗಿದು ಅಲ್ಲಲ್ಲಿ ಕಿಡಿ ಹಚ್ಚುವರು. ಆ ಬೆಂಕಿ ಮಂಡಿಯ ಮೇಲೆ ಏಳುತ್ತಿರಲಿಲ್ಲ. ತರಗನ್ನು ನೆಕ್ಕಿಕೊಂಡು, ಪೊದೆಗಳ ಬುಡ ಸವರಿಕೊಂಡು ಹೋಗಿ, ಸಂಜೆಯ ತಂಪಿಗೆ ತಾನೇ ಆರುತ್ತಿತ್ತು. ಮಳೆ ಬಿದ್ದ ಮೇಲೆ ಅಲ್ಲೇ ಹಸಿರು ಹುಲ್ಲು. ಬಿರುಬೇಸಿಗೆಯಲ್ಲಿ ನಿಜವಾದ ಕಾಡ್ಗಿಚ್ಚು ಬಂದರೆ ಅದಕ್ಕೆ ತಿನ್ನಲು ಏನೂ ಉಳಿದಿರುತ್ತಿರಲಿಲ್ಲ.

ಹೆಪ್ಪುಹಿಮ ಬಂದ ವರ್ಷ ಅದು ನಿಂತಿತು. ನಿಲ್ಲಿಸಿದ್ದು ಕಂಪನಿ ಎಂದು ಪೋಡಿನವರು ಹೇಳುತ್ತಾರೆ. ಪೂರ್ತಿ ನಿಜ ಅದಲ್ಲ. ಕಂಪನಿ ಕೇಳಿತು, ಪೋಡು ಕೂತು ಮಾತಾಡಿ ಒಪ್ಪಿತು. ಹಿಮ ಇದ್ದರೆ ಮಕ್ಕಳಿಗೆ ಕೆಲಸ, ಹಿಮ ಒಡೆದರೆ ಮತ್ತೆ ಜೇನು, ಬೇರು, ಕೂಲಿ. ಹಿಮವೇ ನಮ್ಮದು ಎಂದು ಎಲ್ಲರಿಗಿಂತ ಗಟ್ಟಿಯಾಗಿ ವಾದ ಮಾಡಿದವಳು ಆಗ ಎಳೆಯ ಹೆಂಗಸಾಗಿದ್ದ ಕೇತಮ್ಮ. ಕಾಡಿಗೆ ಕೈಮುಗಿಯುವ ದಿನ ಮಾತ್ರ ಬಿಡಲಾಗಲಿಲ್ಲ. ಅದಕ್ಕೆ ಕಂಪನಿಯೇ ಒಂದು ಉಪಾಯ ಹೇಳಿಕೊಟ್ಟಿತು. ಆ ದಿನ ಪೋಡಿನ ಹುಡುಗ ಹುಡುಗಿಯರು ಬ್ಯಾಟರಿಯ ಕೆಂಪು ದೀಪ ಹಿಡಿದು, ಹಲಗೆ ಕಟ್ಟಿಕೊಂಡು, ಹಾಡು ಹೇಳುತ್ತಾ ಹಾವಿನ ಹಾಗೆ ಸುತ್ತಿ ಸುತ್ತಿ ಇಳಿಜಾರಿನಲ್ಲಿ ಜಾರಿ ಬರುವುದು. ಅದಕ್ಕೆ ತರಗು ಬೆಂಕಿ ಉತ್ಸವ ಎಂದು ಹೆಸರು. ನೋಡುವುದಕ್ಕೆ ದೂರದೂರದಿಂದ ಜನ ಬರುತ್ತಿದ್ದರು. ಕೆಳಗೆ ಕಾಡಿನಲ್ಲಿ ತರಗು ಸುಮ್ಮನೆ ಬೀಳುತ್ತಲೇ ಇತ್ತು, ವರ್ಷದ ಮೇಲೆ ವರ್ಷ. ಅದರ ಮೇಲೆ ಲಂಟಾನದ ಪೊದೆ ಹಬ್ಬಿ ಮರದ ಎದೆಯವರೆಗೂ ಏರಿತ್ತು.

ಒಂದು ಸಲ ರಂಗವ್ವ ಯಾರಿಗೂ ಹೇಳದೆ ಹೋಗಿ ಕಿಡಿ ಹಚ್ಚಿದ್ದಳು. ಓಡಿ ಹೋಗಿ ಆ ಬೆಂಕಿಯನ್ನು ಹಿಮದ ಬೂಟಿನಲ್ಲಿ ತುಳಿದು ಆರಿಸಿದವಳು ಮಗಳೇ. ಅಂದಿನಿಂದ ಅವ್ವ ಅವಳನ್ನು ಹೆಸರು ಹಿಡಿದು ಕರೆದಿರಲಿಲ್ಲ. "ಹಿಮದೋಳು ಬಂದ್ಳು, ಸೊಪ್ಪುಸಾರು ಇಕ್ಕು," ಅನ್ನುವಳು ಸೊಸೆಗೆ.

ಕೇತಮ್ಮ ಗಾಡಿಯನ್ನು ಇಳಿಜಾರಿನ ಪಡುವಣ ಅಂಚಿಗೆ ತಂದಳು. ಅಲ್ಲಿ ಹಂಚಿನಾಳರು ಆಗಲೇ ಬಂದು ನಿಂತಿದ್ದರು. ವಯಸ್ಸಾಗಿದ್ದರೂ ಅವರು ಬೆಟ್ಟ ಬಿಟ್ಟು ಹೋಗಿರಲಿಲ್ಲ. ದಿನವೂ ಹಿಮದ ಮೇಲೆ ಕೋಲೂರಿಕೊಂಡು ಅಡ್ಡಾಡುತ್ತಿದ್ದರು. ಕಣಿವೆಯಲ್ಲಿ ಹೊಗೆ ಗೋಡೆಯ ಹಾಗೆ ಎದ್ದಿತ್ತು. ಗೋಡೆಯ ಬುಡ ಕೆಂಪಗಿತ್ತು.

"ನಿಮ್ಮ ಒಲಿ ಹೊಗಿ ಅಲ್ಲಬೇ ಇದು," ಅಂದರು. "ಇಡೀ ಕಣಿವಿ ಹತ್ತೇತಿ."

"ಎಷ್ಟೊತ್ಗ ಮೇಲ್ಗ ಬತ್ತದ ಡಾಕ್ಟ್ರೇ?"

"ಗಾಳಿ ಹಿಂಗ ಇದ್ರ ಭಾಳ ಹೊತ್ತು ಬ್ಯಾಡ. ಏರಿನಾಗ ಬೆಂಕಿ ಓಡತೈತಿ. ಉರಿ ಮ್ಯಾಲಕ್ಕ ಬಾಗಿ ಮುಂದಿನ ಗಿಡಾನ ಮೊದಲ ಒಣಗಿಸಿ ಇಟ್ಟಿರತೈತಿ. ಕೆಳಗ ಇಷ್ಟು ತರಗು ಬ್ಯಾರೆ ಬಿದ್ದೇತಿ." ಅವರು ಮಾತು ನಿಲ್ಲಿಸಿ ಕೋಲಿನ ತುದಿಯಲ್ಲಿ ಹಿಮವನ್ನು ಕೆದಕಿದರು. "ನನಗ ಗೊತ್ತಿತ್ತು, ಕೇತಮ್ಮಾ."

"ಏನು ಗೊತ್ತಿತ್ತು?"

"ತರಗು ಸುಡದ ಬಿಟ್ರ ಹಿಂಗ ಆಗತೈತಿ ಅನ್ನೂದು. ಮಸಿ ತಡಕೊಳ್ಳೂ ಹಿಮ ಒಂದು ಮಾಡೂಣು, ಆಮ್ಯಾಲ ಅವರು ತಮ್ಮ ಬೆಂಕಿ ತಾವು ಹಚ್ಚಿಕೊಳ್ಳಲಿ ಅಂತ ಅಂದುಕೊಂಡೆ. ಈ ವರ್ಷ, ಮುಂದಿನ ವರ್ಷ ಅಂತ..."

ಕೇತಮ್ಮ ಅವರನ್ನು ದಿಟ್ಟಿಸಿ ನೋಡಿದಳು. ಗೊತ್ತಿಲ್ಲದೆ ಮಾಡಿದವರ ಮೇಲೆ ಸಿಟ್ಟು ಬಂದರೆ ಅದು ಇಳಿಯುತ್ತದೆ. ಗೊತ್ತಿದ್ದೂ ಸುಮ್ಮನಿದ್ದವರ ಮೇಲೆ ಬರುವ ಸಿಟ್ಟಿಗೆ ಇಳಿಯಲು ದಾರಿಯೇ ಇಲ್ಲ.

"ಗೊತ್ತಿದ್ದೂ ನಮ್ ಕೈಲಿ ಕೆಂಪು ಬಲ್ಬು ಕೊಟ್ಟು ಕುಣಿಸುದ್ರಲ್ಲಾ, ಡಾಕ್ಟ್ರೇ," ಅಂದಳು. "ಮುಂದ್ಗಡ ಸಾಲ್ನಾಗ ಕೂತ್ಕಂಡು ನೀವೂ ಚಪ್ಪಾಳ ಹೊಡುದ್ರಲ್ಲಾ."

ಅವರು ತಲೆ ತಗ್ಗಿಸಿದರು.

ಸೈರನ್ ಕೂಗಿತು. ಅತಿಥಿಗಳನ್ನೆಲ್ಲ ಮೂಡಣ ಮಗ್ಗುಲಿನ ರೋಪ್‌ವೇಯಲ್ಲಿ ಕೆಳಗಿಳಿಸತೊಡಗಿದರು. ಕೆಲಸ ಚೊಕ್ಕಟವಾಗಿಯೇ ನಡೆಯಿತು, ಅದನ್ನು ಹೇಳಲೇಬೇಕು, ಒಬ್ಬರಿಗೂ ಗಾಯವಾಗಲಿಲ್ಲ. ಪೋಡಿನಲ್ಲಿ ಕಾಲು ಗಟ್ಟಿ ಇದ್ದವರು ಮಕ್ಕಳನ್ನು ಕಂಕುಳಿಗೆ ಹಾಕಿಕೊಂಡು ಹಳ್ಳ ದಾಟಿ ಮೇಲೆ ಬಂದರು. ಆ ಏರು ಹತ್ತಲಾಗದವರು ಅಲ್ಲೇ ಉಳಿದರು. ಪೋಡಿಗೆ ಇದ್ದ ಒಂದೇ ರಸ್ತೆ ಕಣಿವೆಯ ಕಡೆಯಿಂದ ಬರುತ್ತಿತ್ತು. ಅದನ್ನು ಬೆಂಕಿ ಆಗಲೇ ನುಂಗಿತ್ತು.

ಕೇತಮ್ಮ ಫೋನು ಮಾಡಿದಳು.

"ಅವ್ವಾ, ಮೇಲ್ಗ ಬಾ."

"ಯಾವ ಕಾಲಲ್ಲಿ ಬರ್ಲಿ? ಹಲಗ ಕಟ್ಕಂಡು ಜಾರೋ ಕಾಲು ನಿಂಗ ಅವ, ಒಂದ್ ಜೊತ ಕಳ್ಸು."

"ತಮಾಸ ಬ್ಯಾಡ ಕನವ್ವಾ. ಯಾರ್ಯಾರ್ ಅವ್ರ ಅಲ್ಲಿ?"

"ಮುದುಕ್ರು ಮೋಟ್ರೆಲ್ಲಾ ಇಲ್ಲೇ. ತಿಂಗ್ಳು ತುಂಬಿದ ಬಸುರಿ ಒಬ್ಳವ್ಳ. ಕೋಳಿಗೋಳು ಅವ. ನಿಮ್ ಕಂಪ್ನಿಯೋರ್ಗ ಕೋಳಿ ಬೇಕಾ ಕೇಳು."

"ಬೆಂಕಿ ಕಾಣ್ತದಾ?"

ರಂಗವ್ವ ಕೆಮ್ಮಿದಳು. ಆಮೇಲೆ ಅವಳ ದನಿಯಲ್ಲಿ ಕುಹಕ ಇರಲಿಲ್ಲ. "ಕಾಣ್ತದ. ನಾನ್ ಹಚ್ತಿದ್ದ ಬೆಂಕಿ ನನ್ ಮಂಡಿಗ ಬತ್ತಿತ್ತು. ಇದು ಮರದ್ ನೆತ್ತಿ ಮ್ಯಾಲ ನಿಂತದ ಕೇತಿ."

ಎಷ್ಟೋ ವರ್ಷಗಳ ಮೇಲೆ ಅವ್ವನ ಬಾಯಲ್ಲಿ ತನ್ನ ಹೆಸರು ಕೇಳಿ ಕೇತಮ್ಮ ಫೋನನ್ನು ಕಿವಿಗೆ ಒತ್ತಿ ಹಿಡಿದಳು.

ಅಷ್ಟರಲ್ಲಿ ಹೆಲಿಕಾಪ್ಟರಿನ ಸದ್ದು ಕೇಳಿತು. ಹೊಟ್ಟೆಯ ಕೆಳಗೆ ನೀರಿನ ದೊಡ್ಡ ಚೀಲ ತೂಗಾಡಿಸಿಕೊಂಡು ಕಂಪನಿಯ ಹೆಲಿಕಾಪ್ಟರು ಬೆಟ್ಟ ಸುತ್ತಿ ಬಂತು. ಮೇಲೆ ಬಂದಿದ್ದ ಪೋಡಿನ ಜನ "ಬಂತು, ಬಂತು" ಎಂದು ಎದ್ದು ನಿಂತು ಪೋಡಿನ ಕಡೆಗೆ ಕೈಮಾಡಿ ತೋರಿಸಿದರು. ಹೆಲಿಕಾಪ್ಟರು ಅವರ ತಲೆಯ ಮೇಲೆ ಹಾದು, ಇಳಿಜಾರಿನ ನಡುವಿಗೆ ಬಂದು, ಅಷ್ಟೂ ನೀರನ್ನು ಹಿಮದ ಮೇಲೆ ಚಿಮುಕಿಸಿತು. ಕರಿಯ ಚುಕ್ಕೆಗಳ ಮೇಲೆ ಹೊಸದಾಗಿ ಬೆಳ್ಳನೆಯ ಪದರ ಕೂತಿತು. ಜನ ಎತ್ತಿದ ಕೈ ಇಳಿಸುವುದನ್ನೂ ಮರೆತು ನಿಂತರು. ಹೆಲಿಕಾಪ್ಟರು ಮತ್ತೆ ನೀರು ತರಲು ಹೋಯಿತು.

ಕೇತಮ್ಮ ಶ್ರೇಯಾಂಕನ ಹತ್ತಿರ ನಡೆದು ಹೋದಳು, ಓಡಲಿಲ್ಲ. ಅವನು ಒಂದು ಕಿವಿಯಲ್ಲಿ ಫೋನು ಇಟ್ಟುಕೊಂಡೇ ಇನ್ನೊಂದು ಕೈಯಲ್ಲಿ ತಡೆಯುವ ಸನ್ನೆ ಮಾಡಿದ.

"ನೀರು ಎಲ್ಗ ಹುಯ್ತಾವ್ರ ಸಾ?"

"ಕೇತಮ್ಮ, ಅರ್ಥ ಮಾಡ್ಕೊಳ್ಳಿ. ತಾಯಿಹಿಮ ಒಡೆದರೆ ಎಲ್ಲ ಮುಗೀತು. ಹೆಡ್ ಆಫೀಸಿಂದ ಆರ್ಡರ್ ಇದೆ, ನನ್ನ ಕೈಯಲ್ಲಿ ಏನಿದೆ ಹೇಳಿ?"

"ಕೈಯ್ಯಾಗ ಫೋನದಲ್ಲ. ಅವ್ರಿಗೇ ಹೇಳಿ, ಕೆಳಗ ಜನ ಅವ್ರ ಅಂತ."

"ಹೇಳಿದೀನಿ. ಕೆಳಗಿಂದ ಫೈರ್ ಇಂಜಿನ್ ಹೊರಟಿದೆಯಂತೆ."

"ರಸ್ತನೇ ಇಲ್ಲ, ಇಂಜಿನ್ ಹಾರ್ಕಂಡ್ ಬತ್ತದಾ?"

ಅವನು ಮತ್ತೆ ಫೋನಿಗೆ ಕಿವಿ ಕೊಟ್ಟ. ಅವನ ಕಣ್ಣಲ್ಲೂ ನೀರಿತ್ತು, ಹೊಗೆಗೋ ಏನೋ. ಕೆಟ್ಟವನೇನಲ್ಲ. ಪೋಡಿನ ಮದುವೆಗಳಿಗೆ ಬಂದು ಊಟ ಮಾಡಿ ಹೋದವನು. ಅದೇ ಕೇತಮ್ಮನ ಹೊಟ್ಟೆ ಉರಿಸಿತು. ಕೆಟ್ಟವನಾಗಿದ್ದರೆ ಒಂದು ಕಲ್ಲು ತೆಗೆದು ಬೀಸಬಹುದಾಗಿತ್ತು.

ಅವಳು ತಿರುಗಿ ಇಳಿಜಾರನ್ನು ನೋಡಿದಳು. ಅಷ್ಟು ವರ್ಷ ತೋಪುಗಳು ಕುಡಿದು ಉಗುಳಿದ ನೀರೆಲ್ಲ ಅಲ್ಲಿ ಗುಡ್ಡೆಯಾಗಿ ನಿಂತಿತ್ತು. ಒಂದು ಕೆರೆಯನ್ನು ಎತ್ತಿ ನಿಲ್ಲಿಸಿದ ಹಾಗೆ. ಬುಡದಲ್ಲಿ ಉಕ್ಕಿನ ತಡೆಬಲೆ, ಅದರ ಕೆಳಗೆ ಹಳ್ಳ, ಹಳ್ಳದ ಆಚೆ ಅವ್ವ.

"ಡಾಕ್ಟ್ರೇ, ಇದೆಲ್ಲಾ ಹಳ್ಳಕ್ಕ ಹೋದ್ರ?"

ಅವಳ ಹಿಂದೆಯೇ ಬಂದಿದ್ದ ಹಂಚಿನಾಳರು ಈ ಪ್ರಶ್ನೆಗೆ ಕಾದಿದ್ದವರ ಹಾಗೆ ತಲೆ ಎತ್ತಿದರು. "ಹೋದ್ರ ಬೆಂಕಿ ಮುಂದ ಬರೂದಿಲ್ಲ. ಮಸಿ ಕುಂತು ಹಿಮ ಒಡಿತೈತಿ, ಒಡದು ನೀರ ಆಗತೈತಿ, ಹಳ್ಳ ತುಂಬತೈತಿ, ತರಗು ತೊಯ್ಯತೈತಿ." ಸ್ವಲ್ಪ ತಡೆದು ಹೇಳಿದರು, "ತಾಯಿಹಿಮಾನೂ ಹೋಗತೈತಿ. ಇನ್ನೊಮ್ಮಿ ನನ್ನ ಕೈಲೆ ಆಗೂದಿಲ್ಲ. ಅಷ್ಟು ವಯಸ್ಸು ನನಗ ಉಳದಿಲ್ಲ."

"ಜಾಸ್ತಿ ಜಾರುದ್ರ?"

"ಪೋಡನ್ನ ಮುಚ್ಚತೈತಿ."

ಕೇತಮ್ಮ ಹಳ್ಳದ ಆಚೆಗೆ ನೋಡಿದಳು. ಬೆಂಕಿ ಅವ್ವನನ್ನು ಸುಡುವುದು ಒಂದು, ಮಗಳೇ ಬೆಟ್ಟ ಕೆಡವಿ ಹೂಳುವುದು ಇನ್ನೊಂದು.

"ಬಲೆ ಬಿಚ್ಚಿ," ಅಂದಳು ಕೇತಮ್ಮ. "ನಾನು ಪಟ್ಟಿ ಪಟ್ಟಿ ಮಾಡ್ಕಂಡು ಇಳಿಸ್ತಿನಿ."

ಇಳಿಜಾರಿನ ಅಂಚಿನಲ್ಲೇ ಇದ್ದ ತಡೆಬಲೆಯ ಬೀಗಕ್ಕೆ ಹಂಚಿನಾಳರ ಹೆಬ್ಬೆಟ್ಟು ಸಾಕಿತ್ತು. ಅವರು ಕೋಲೂರಿಕೊಂಡು ಹೋಗಿ ಹೆಬ್ಬೆಟ್ಟು ಒತ್ತಿದರು. ಒತ್ತಿದ ಬೆರಳನ್ನು ತಕ್ಷಣ ತೆಗೆಯಲಾಗದೆ ಹಾಗೇ ನಿಂತಿದ್ದರು. ಉಕ್ಕಿನ ಬಲೆ ಸಡಿಲವಾಗಿ ಕುಸಿಯಿತು.

ಕೇತಮ್ಮ ಕುಂಟೆಗಾಡಿ ಹತ್ತಿದಳು. ಅಲಗು ಇಳಿಸುವಷ್ಟರಲ್ಲಿ ಶ್ರೇಯಾಂಕ ಓಡಿ ಬಂದು ಎದುರು ನಿಂತ.

"ನಿಲ್ಸಿ! ಇದು ಹೋದರೆ ನಿಮ್ಮ ಕೆಲಸ ಹೋಗುತ್ತೆ. ನಿಮ್ಮೊಬ್ಬರದ್ದಲ್ಲ, ನಿಮ್ಮ ಪೋಡಿನ ಎಲ್ಲರದ್ದೂ. ಯೋಚನೆ ಮಾಡಿ!"

"ಮಾಡಿವ್ನಿ ಸಾ. ಪಕ್ಕಕ್ಕ ಬನ್ನಿ, ಅಲಗು ಅಗಲ ಅದ."

ಅವನು ಅವಳ ಮುಖ ನೋಡಿದ. ಪಕ್ಕಕ್ಕೆ ಬಂದ.

ಹಿಮದ ಅಡಿಯಲ್ಲಿ ನುಣುಪಾದ ಚಾಪೆ ಹಾಸಿದ್ದರು. ಹಿಮ ಅದರ ಮೇಲೆ ಕೂತಿದ್ದದ್ದು ತನ್ನ ತೂಕದಿಂದಲೇ ಹೊರತು ಹಿಡಿತದಿಂದಲ್ಲ. ಕೇತಮ್ಮ ಬುಡದ ಅಂಚಿನಲ್ಲಿ ಒಂದು ಪಟ್ಟಿಯ ಅಗಲಕ್ಕೆ ಅಲಗಿನಿಂದ ಸೀಳಿ, ಹಿಂದೆ ಬಂದು, ಬೆನ್ನಿಗೆ ಕೈಯಿಟ್ಟು ದೂಡುವ ಹಾಗೆ ಮೆಲ್ಲಗೆ ಒತ್ತಿದಳು. ಮೊದಲು ಏನೂ ಆಗಲಿಲ್ಲ. ಆಮೇಲೆ ನೆಲ ಗೊಣಗಿದ ಹಾಗೆ ಸದ್ದಾಗಿ, ಪಟ್ಟಿ ಕಳಚಿ, ಪುಡಿ ಎಬ್ಬಿಸಿಕೊಂಡು ಹಳ್ಳಕ್ಕೆ ಇಳಿಯಿತು. ಹಳ್ಳದ ತಳದ ಲಂಟಾನವೆಲ್ಲ ಮುಚ್ಚಿಹೋಯಿತು. ಎರಡನೆಯದು ಅದರ ಮೇಲೆ ಕೂತಿತು. ಬೆಂಕಿ ಅಷ್ಟು ಹೊತ್ತಿಗೆ ಮನೆಗಳ ಬೆನ್ನಿನ ಮರಗಳಿಗೆ ಬಂದಿತ್ತು. ಹಳ್ಳ ತುಂಬಿದರೆ ಸಾಲದು, ಹಿಮ ಮನೆಗಳ ಎರಡು ಮಗ್ಗುಲಿಗೂ ಹರಡಿಕೊಂಡು ಬೆನ್ನಿನ ಕಡೆಗೂ ಹೋಗಬೇಕಾಗಿತ್ತು. ಕೇತಮ್ಮ ಇನ್ನೂ ಮೇಲೆ ಹೋಗಿ ಉದ್ದನೆಯ ಪಟ್ಟಿ ಸೀಳಿದಳು. ಎಂಜಿನ್ನಿನ ಸದ್ದಿನಲ್ಲಿ ಅವಳು ಗಟ್ಟಿಯಾಗಿ ಬೈಯುತ್ತಿದ್ದಳು. ಕಂಪನಿಯನ್ನು, ಡಾಕ್ಟರನ್ನು, ಟೀವಿಯವರನ್ನು, ಕೆಂಪು ಬಲ್ಬನ್ನು, ಅವ್ವನ ಬೆಂಕಿಯನ್ನು ತುಳಿದ ತನ್ನ ಬೂಟನ್ನು. ಬೈದಷ್ಟೂ ಕೈ ಸ್ಥಿರವಾಗುತ್ತಿತ್ತು.

ಆ ಪಟ್ಟಿ ನಿಲ್ಲಲಿಲ್ಲ. ಇಡೀ ಇಳಿಜಾರನ್ನೇ ಜೊತೆಗೆ ಎಳೆದುಕೊಂಡಿತು. ಕುಂಟೆಗಾಡಿ ಅಡ್ಡಡ್ಡ ತಿರುಗಿ ಒಂದಷ್ಟು ದೂರ ಜಾರಿ, ತೋಪಿನ ಕಂಬಕ್ಕೆ ಸಿಕ್ಕಿ ನಿಂತಿತು. ಗಾಜಿನಾಚೆ ಕೇತಮ್ಮನಿಗೆ ಬರೀ ಬಿಳುಪು ಕಂಡಿತು, ಅದು ಹಳ್ಳವನ್ನು ತುಂಬಿ, ಹಾರಿ, ಮನೆಗಳ ಕಡೆ ಹೋಗುವುದು ಕಂಡಿತು. ಆಮೇಲೆ ಬಿಳಿಯ ಆವಿ ಎದ್ದು ಎಲ್ಲ ಮುಚ್ಚಿತು. ಕಾದ ಬಾಣಲೆಗೆ ನೀರು ಹಾಕಿದಂಥ ಸದ್ದು ಇಡೀ ಕಣಿವೆಯಿಂದ ಬಂತು.

ಅವಳು ಫೋನು ಮಾಡಿದಳು. ಎತ್ತಲಿಲ್ಲ. ಮತ್ತೆ ಮಾಡಿದಳು. ಗಾಡಿಯ ಬಾಗಿಲು ಒದ್ದು ಇಳಿದು, ಬೋಳಾದ ಚಾಪೆಯ ಮೇಲೆ ಕುಂಡಿ ಊರಿ ಜಾರುತ್ತಾ, ಹಿಮದ ರಾಶಿಯಲ್ಲಿ ಸೊಂಟದವರೆಗೆ ಹುದುಗಿ ಹುದುಗಿ ಏಳುತ್ತಾ ಹಳ್ಳ ದಾಟಿದಳು. ಪೋಡಿನ ಮೊದಲ ಸಾಲಿನ ಮನೆಗಳ ಗೋಡೆಗೆ ಹಿಮ ಒರಗಿ ನಿಂತಿತ್ತು. ಒಂದು ಸೂರು ಕುಸಿದಿತ್ತು. ಹೊಗೆಯೋ ಆವಿಯೋ ತಿಳಿಯದ ಬಿಳುಪಿನ ಒಳಗಿಂದ ಒಂದು ದನಿ ಬಂತು.

"ಯಾವಳವ್ಳು ನನ್ ಕೋಳಿಗೂಡಿನ್ ಮ್ಯಾಲ ಬೆಟ್ಟ ಕೆಡವಿದ್ದು?"

ಕೇತಮ್ಮ ಎರಡು ಕೈಯಲ್ಲೂ ಹಿಮ ಬಗೆಯುತ್ತಾ ಆ ದನಿಯ ಕಡೆಗೆ ನುಗ್ಗಿದಳು.

ಬೆಂಕಿ ಪೋಡಿನ ಎರಡು ಕಡೆಗೂ ಸೀಳಿಕೊಂಡು ಹೋಯಿತು. ಪೋಡಿನವರು ಕೈಮುಗಿಯುತ್ತಿದ್ದ ಹಳೆಯ ಸಂಪಿಗೆ ಮರ ಸುಟ್ಟಿತು, ಜೇನು ಕಟ್ಟುತ್ತಿದ್ದ ಬಂಡೆ ಕರಕಾಯಿತು, ಹಿಮವಿಲ್ಲದ ಚಾಪೆಗಳ ಮೇಲೆ ಉರಿ ಏರಿ ಖಾಲಿ ಹೋಟೆಲಿನ ಅರ್ಧ ಭಾಗವನ್ನು ತಿಂದಿತು. ಪೋಡಿನಲ್ಲಿ ಉಳಿದಿದ್ದವರು ಯಾರೂ ಸಾಯಲಿಲ್ಲ. ಬಸುರಿ ಆ ವಾರವೇ ಹೆತ್ತಳು.

ಟೀವಿಯವರು ಫೈನಲ್ಸ್ ತೋರಿಸಲು ತಂದಿದ್ದ ಕ್ಯಾಮೆರಾದಲ್ಲಿ ಇದನ್ನೆಲ್ಲ ತೋರಿಸಿದರು. ಹಿಮ ಕೆಡವಿದ ಹೆಂಗಸು ಎಂದು ಕೇತಮ್ಮನ ಮುಖವನ್ನು ಮತ್ತೆ ಮತ್ತೆ ತೋರಿಸಿದರು. ವಿಚಾರಣೆ ನಡೆಯಿತು. ಎಷ್ಟು ಹಿಮ ಹೋಯಿತು, ಯಾರ ಅಪ್ಪಣೆಯ ಮೇಲೆ ಬಲೆ ಬಿಚ್ಚಿದರು, ಬೇರೆ ದಾರಿ ಇರಲಿಲ್ಲವೇ ಎಂದು ಕೇಳಿದರು. ಅಷ್ಟೊಂದು ತರಗು ಎಲ್ಲಿಂದ ಬಂತು ಎಂದು ಒಬ್ಬರೂ ಕೇಳಲಿಲ್ಲ. ಕೇತಮ್ಮ ತಾನೇ ಹೇಳಲು ಬಾಯಿ ತೆರೆದರೆ, "ಅದು ಈ ವಿಷಯಕ್ಕೆ ಸಂಬಂಧಿಸಿದ್ದಲ್ಲ, ಕೂತ್ಕೊಳಮ್ಮ," ಅಂದರು. ಕಂಪನಿ ಸುಟ್ಟ ಹೋಟೆಲನ್ನು ಹಾಗೇ ಬಿಟ್ಟು ಹೊರಟುಹೋಯಿತು. ಹೊಗೆ ಎಬ್ಬಿಸಬಾರದು ಎಂಬ ನಿಷೇಧವನ್ನು ತೆಗೆದು ಹೋಗುವುದು ಮಾತ್ರ ಯಾರಿಗೂ ನೆನಪಾಗಲಿಲ್ಲ. ಕಾಯಬೇಕಾದ ಹಿಮ ಇರಲಿಲ್ಲ, ಹಿಮ ಕಾಯುವ ಕಾನೂನು ಇತ್ತು.

ಮುಂದಿನ ಸಂಕ್ರಾಂತಿಗೆ ಪೋಡಿನವರು ಆ ಕಾನೂನನ್ನು ಮುರಿದರು. ಬೆಂಕಿ ಮುಟ್ಟದೆ ಉಳಿದಿದ್ದ ಮೂಡಣ ಕಾಡಿಗೆ ಹಾಡುಹಗಲೇ ಎಲ್ಲರೂ ಹೋದರು. ರಂಗವ್ವನನ್ನು ಕುರ್ಚಿಯ ಮೇಲೆ ಹೊತ್ತುಕೊಂಡು ಹೋದರು. ನೆಲ ತೇವವಾಗಿತ್ತು. ಹುಡುಗ ಹುಡುಗಿಯರು ಕೈಯಲ್ಲಿ ಸೂಡಿ ಹಿಡಿದು ನಿಂತರು. ನಿಜವಾದ ಉರಿಯನ್ನು ಹಾಗೆ ಹಿಡಿದದ್ದು ಅವರ ಜನ್ಮದಲ್ಲಿ ಅದೇ ಮೊದಲು. ರಂಗವ್ವ ಕೈಮುಗಿದು "ಹೂಂ" ಅಂದದ್ದೇ ತಡ, ಅವರು ಒಬ್ಬರ ಹಿಂದೊಬ್ಬರು ಹೊರಟರು, ಹಾಡು ಹೇಳುತ್ತಾ, ಸುತ್ತಿ ಸುತ್ತಿ, ಎಡಕ್ಕೊಮ್ಮೆ ಬಲಕ್ಕೊಮ್ಮೆ ಮೈ ಬಾಗಿಸುತ್ತಾ.

"ಯಾಕ್ರಲಾ ಹಂಗ ಹಾವು ಹರ್ದಂಗ ಹೋಗ್ತಿದ್ದೀರಿ?" ರಂಗವ್ವ ಕುರ್ಚಿಯಿಂದಲೇ ಚೀರಿದಳು. "ನೆಟ್ಗ ನಡೀರ್ಲಾ! ಇಲ್ಯಾವನೂ ಚಪ್ಪಾಳ ಹೊಡಿಯಲ್ಲ!"

ಅವರಿಗೆ ನೆಟ್ಟಗೆ ನಡೆಯಲು ಬರಲಿಲ್ಲ. ಬಲ್ಬು ಹಿಡಿದು ಕಲಿತದ್ದು ಕಾಲಿಗೆ ಹತ್ತಿಬಿಟ್ಟಿತ್ತು. ಕೇತಮ್ಮ ಒಬ್ಬೊಬ್ಬರ ಭುಜ ಹಿಡಿದು ತಿರುಗಿಸಿ, ಎಲ್ಲಿ ಕಿಡಿ ಇಡಬೇಕು, ಗಾಳಿ ಯಾವ ಕಡೆ ಎಂದು ಹೇಳಬೇಕಾಯಿತು. ಅವಳಿಗೂ ಅರ್ಧ ಮರೆತಿತ್ತು. ಮರೆತದ್ದನ್ನು ಅವ್ವನನ್ನು ಕೇಳಿದಳು. ಅವ್ವನಿಗೂ ಕೆಲವು ನೆನಪಿರಲಿಲ್ಲ. "ನಂಗೇನ್ ಗೊತ್ತು, ನಿಮ್ಮಜ್ಜಿ ಹಿಂದ್ಗುಟ್ಟ ಹೋಯ್ತಿದ್ದೆ, ಅಷ್ಟೇಯ," ಎಂದು ಸಿಡುಕಿದಳು. ಎರಡು ಕಡೆ ಬೆಂಕಿ ಅಂಕೆ ಮೀರಿ ಹೋಗಿ ಹಸಿ ಸೊಪ್ಪಿನಲ್ಲಿ ಬಡಿದು ಆರಿಸಬೇಕಾಯಿತು. ಬಡಿಯುವವರ ಸಾಲಿನಲ್ಲಿ ಹಂಚಿನಾಳರೂ ಇದ್ದರು, ಮುಖಕ್ಕೆಲ್ಲ ಮಸಿ ಬಳಿದುಕೊಂಡು.

ಅವರನ್ನು ಹುಡುಕಿಕೊಂಡು ಆ ದಿನ ಒಬ್ಬ ಹಳೆಯ ಶಿಷ್ಯೆ ಬಂದಿದ್ದಳು. ಉತ್ತರದಲ್ಲಿ ಒಂದು ಬೆಟ್ಟ ಸಿಕ್ಕಿದೆ, ಹೆಪ್ಪುಹಿಮವನ್ನು ಅಲ್ಲಿ ಮೊದಲಿನಿಂದ ಮಾಡೋಣ, ನೀವು ಬಂದು ಕೂತರೆ ಸಾಕು, ಕೆಲಸ ನಾವು ಮಾಡುತ್ತೇವೆ ಅಂದಳು. ಅವರು ಸೊಪ್ಪನ್ನು ಕೆಳಗಿಟ್ಟು ಕೇಳಿದರು.

"ಆ ಬೆಟ್ಟದಾಗ ಬೆಂಕಿ ಹಚ್ಚವ್ರು ಯಾರವಾ?"

"ಸರ್?"

"ಬೆಂಕಿ. ಚಳಿಗಾಲದಾಗ ತರಗಿಗೆ ಯಾರು ಹಚ್ಚತಾರ? ಅವರ ಮನಿಗೆ ಹೋಗಿ ಮೊದಲ ಕೇಳಿ ಬಾ. ಆಮ್ಯಾಲ ಹಿಮದ ಮಾತು."

ಶಿಷ್ಯೆ ತಮಾಷೆ ಎಂದುಕೊಂಡು ನಕ್ಕಳು. ಪಕ್ಕದಲ್ಲಿದ್ದ ಕೇತಮ್ಮ ನಗಲಿಲ್ಲ. ಅವಳಿಗೆ ಈಗ ಕೆಲಸವಿರಲಿಲ್ಲ. ಡಾಕ್ಟರ ಮೇಲಿನ ಸಿಟ್ಟೂ ಇಳಿದಿರಲಿಲ್ಲ, ಇಳಿಯುವುದು ಬೇಕೆಂದೂ ಅವಳಿಗೆ ಅನ್ನಿಸಿರಲಿಲ್ಲ. ಅವಳು ಸೊಪ್ಪಿನ ಕಟ್ಟನ್ನು ಎತ್ತಿ ಮತ್ತೆ ಅವರ ಕೈಗೆ ಕೊಟ್ಟು, "ಅಲ್ಲಿ ಹತ್ಕತಾ ಅದ, ಬಡೀರಿ ಡಾಕ್ಟ್ರೇ," ಅಂದಳು.

ಈ ಹಿಮವನ್ನು ಇನ್ನೂ ಯಾರೂ ಮಾಡಿಲ್ಲ. ಮಾಡುವುದಕ್ಕೆ ಇನ್ನೂ ಎಷ್ಟೋ ವರ್ಷ ಬೇಕು. ಕೇತಮ್ಮ ಇನ್ನೂ ಹುಟ್ಟಿಲ್ಲ. ರಂಗವ್ವ ಹುಟ್ಟಿದ್ದರೆ ಈಗ ಲಂಗ ಎತ್ತಿ ಕಟ್ಟಿಕೊಂಡು ತನ್ನ ಅವ್ವನ ಹಿಂದೆ ಕಾಡಿಗೆ ಹೋಗುವ ವಯಸ್ಸಿನವಳು. ತರಗು ಮಾತ್ರ ಇವತ್ತು ಬೆಳಗ್ಗೆಯೂ ಬಿದ್ದಿದೆ. ನಿಮ್ಮ ಹತ್ತಿರದ ಬೆಟ್ಟಕ್ಕೆ ಹೋದಾಗ ಅದರ ಮೇಲೆ ಒಂದು ಕಾಲಿಟ್ಟು ನೋಡಿ, ಎಲ್ಲಿಯವರೆಗೆ ಹುದುಗುತ್ತದೆ ಎಂದು.